ನೆತ್ತಿಯ ಮೇಲಣ ಸಂಸಾರ

ಬಾಡಿಗೆಯ ಮನೆಯನ್ನು ನೋಡಲು ಹೋದ ಗೃಹಸ್ಥನು ನಲ್ಲಿಯಲ್ಲಿ ನೀರು ಬರುವ ಹೊತ್ತನ್ನೂ, ಬಚ್ಚಲಿನ ಇಳಿಜಾರನ್ನೂ, ಅಡುಗೆಮನೆಯ ಕಿಟಕಿ ತೆರೆಯುವ ದಿಕ್ಕನ್ನೂ, ಹಿರಿಯರಾರಾದರೂ ಜೊತೆಗಿದ್ದ ಪಕ್ಷದಲ್ಲಿ ವಾಸ್ತುವನ್ನೂ ಕೂಲಂಕಷವಾಗಿ ವಿಚಾರಿಸುತ್ತಾನೆಯೇ ಹೊರತು, ಒಮ್ಮೆ ತಲೆಯೆತ್ತಿ ತಾರಸಿಯನ್ನು ದಿಟ್ಟಿಸಿ, ಇದರ ಆಚೆಗೆ ಎಷ್ಟು ಜೊತೆ ಕಾಲುಗಳಿವೆಯೆಂದು ಕೇಳಿದವನನ್ನು ನಾನಿನ್ನೂ ಕಂಡಿಲ್ಲ. ಮುಂಗಡ ಕೊಟ್ಟು, ಹಾಲುಕ್ಕಿಸಿ, ಸಾಮಾನು ಜೋಡಿಸಿ, ಮೊದಲ ರಾತ್ರಿ ದಣಿದು ಅಂಗಾತ ಮಲಗಿದಾಗ, ಕೇಳದೆ ಬಿಟ್ಟ ಆ ಪ್ರಶ್ನೆಗೆ ಉತ್ತರವು ತಾನಾಗಿಯೇ ಮೇಲಿನಿಂದ ಇಳಿದು ಬರುತ್ತದೆ.

ಬಸವನಗುಡಿಯ ನಮ್ಮ ಮನೆಯ ಮೇಲೆ ನಾಲ್ಕು ಜೊತೆ ಕಾಲುಗಳು ವಾಸವಾಗಿವೆ: ಮನೆಯ ಮಾಲೀಕರು, ಅವರ ಪತ್ನಿ, ವೃದ್ಧೆಯಾದ ತಾಯಿ, ಮತ್ತು ಎಂಟು ವರ್ಷದ ಮೊಮ್ಮಗ. ಮಾಲೀಕರು ಹಿಮ್ಮಡಿಯನ್ನು ಮೊದಲು ಊರಿ ನಡೆಯುವ ಜಾತಿಯವರು. ನೌಕರಿಯಿಂದ ನಿವೃತ್ತರಾದರೂ ನಡಿಗೆಯಲ್ಲಿ ಅಧಿಕಾರವು ಇನ್ನೂ ಉಳಿದಿದೆ. ತಾಯಿಯವರದು ಬೆಳಗಿನ ಝಾವದ ಊರುಗೋಲು. ಪತ್ನಿಯವರು ಊಟದ ಹೊತ್ತಿಗೆ ಮಣೆಗಳನ್ನು ನೆಲಕ್ಕಿಡುವ ಸದ್ದನ್ನು ಎಣಿಸಿಯೇ ಇಂದು ಅವರಲ್ಲಿ ಅತಿಥಿಗಳೆಷ್ಟು ಮಂದಿಯೆಂಬುದನ್ನು ನನ್ನ ಮನೆಯಾಕೆಯು ತಪ್ಪಿಲ್ಲದೆ ಹೇಳಬಲ್ಲಳು; ಮಣೆಯ ಸದ್ದೇ ಇಲ್ಲದ ದಿನ ಪಂಚಾಂಗ ತೆಗೆದು ನೋಡಿದರೆ ಏಕಾದಶಿಯಾಗಿರುತ್ತದೆ. ಇನ್ನು ಮೊಮ್ಮಗನು ನಡೆದುದನ್ನು ನಾವು ಎಂದೂ ಕೇಳಿಲ್ಲ. ಆತನು ಓಡುತ್ತಾನೆ, ಇಲ್ಲವೆ ಮಂಚದಿಂದ ಹಾರುತ್ತಾನೆ.

ಆದರೆ ಇದರಲ್ಲೊಂದು ವೈಚಿತ್ರ್ಯವುಂಟು. ಅವರ ದಿನಚರಿಯೆಲ್ಲ ನಮಗೆ ಕರತಲಾಮಲಕವಾಗಿರುವಾಗ, ಅವರು ತಮ್ಮೊಳಗೆ ಆಡಿದ ಒಂದೇ ಒಂದು ಮಾತಾದರೂ ತಾರಸಿಯ ಮೂಲಕ ಇಷ್ಟು ವರ್ಷಗಳಲ್ಲಿ ನಮಗೆ ಕೇಳಿಬಂದಿಲ್ಲ. ಮಾಲೀಕರು ಪತ್ನಿಯ ಮೇಲೆ ಕೋಪಗೊಂಡು ಕೋಣೆಯಿಂದ ಕೋಣೆಗೆ ಓಡಾಡಿದುದು ತಿಳಿಯುತ್ತದೆ. ಕೋಪದ ಕಾರಣ ತಿಳಿಯುವುದಿಲ್ಲ. ಕುತೂಹಲವುಳ್ಳವರಿಗೆ ಇದಕ್ಕಿಂತ ಕ್ರೂರವಾದ ಏರ್ಪಾಡನ್ನು ಕಲ್ಪಿಸುವುದು ಕಷ್ಟ.

ಇದರ ಮರ್ಮವನ್ನು ನನಗೆ ಬಿಡಿಸಿ ಹೇಳಿದವರು ನನ್ನ ಮಿತ್ರರಾದ ಒಬ್ಬ ಎಂಜಿನಿಯರು. ಐದಂಗುಲ ದಪ್ಪದ ಕಾಂಕ್ರೀಟು ತಾರಸಿಯು ಒಂದು ಚದರ ಮೀಟರಿಗೆ ಹೆಚ್ಚುಕಡಿಮೆ 300 ಕಿಲೋ ತೂಗುತ್ತದೆ. ಮನುಷ್ಯನ ಮಾತೆಂಬುದು ಎಷ್ಟೇ ಖಾರವಾಗಿದ್ದರೂ ಗಾಳಿಯ ಅಲುಗಾಟವೇ ಆದುದರಿಂದ, ಅಂಥ ಭಾರವನ್ನು ಅಲ್ಲಾಡಿಸಿ ಕೆಳಕ್ಕೆ ದಾಟಿ ಬರುವ ಶಕ್ತಿ ಅದಕ್ಕಿಲ್ಲ. ಹಿಮ್ಮಡಿಗಾದರೋ ಗಾಳಿಯ ಹಂಗಿಲ್ಲ. ಅದು ನೇರವಾಗಿ ಕಾಂಕ್ರೀಟನ್ನೇ ಬಡಿಯುತ್ತದೆ, ಬಡಿದೊಡನೆ ಇಡಿಯ ತಾರಸಿಯು ಮೃದಂಗದ ಮುಚ್ಚಿಗೆಯಂತೆ ಕಂಪಿಸುತ್ತದೆ, ನಾವು ಆ ಮೃದಂಗದ ಒಳಗೆ ಸಂಸಾರ ಹೂಡಿದ್ದೇವೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ನಡೆಯುವ ಶಬ್ದವು ಕಾಂಕ್ರೀಟಿನೊಳಗೆ 3000 ಮೀಟರಿಗೂ ಮೀರಿ ಧಾವಿಸುತ್ತದಂತೆ. ತಾರಸಿ, ತೊಲೆ, ಕಂಬಗಳೆಲ್ಲ ಒಂದಕ್ಕೊಂದು ಬೆಸೆದ ಒಂದೇ ಅಚ್ಚಾದ ಕಾರಣ, ಮೇಲೆ ಪಡಸಾಲೆಯಲ್ಲಿ ಬಿದ್ದ ಪೆಟ್ಟು ಕೆಳಗೆ ದೇವರಮನೆಯ ಗೋಡೆಯಲ್ಲೂ ಹೊರಡುತ್ತದೆ. ಹಾಸಿಗೆಯನ್ನು ಸುತ್ತಿಕೊಂಡು ಪಕ್ಕದ ಕೋಣೆಗೆ ಹೋದವನಿಗೂ ಮೋಕ್ಷವಿಲ್ಲ. ಒಟ್ಟಿನಲ್ಲಿ ಕಾಂಕ್ರೀಟು ಮನುಷ್ಯನ ಮಾತನ್ನು ಮುಚ್ಚಿಟ್ಟು ಕೃತಿಯನ್ನು ಬಯಲುಮಾಡುತ್ತದೆ. ಧರ್ಮಾಧಿಕಾರಿಗಳಿಗೆ ಇದು ಮೆಚ್ಚುಗೆಯಾದೀತು, ನಿದ್ರಿಸಬಯಸುವವರಿಗೆ ಆಗದು.

ನಾನು ಹುಟ್ಟಿ ಬೆಳೆದ ಮಲೆನಾಡಿನ ಮನೆಯಲ್ಲಿ ಈ ಪಕ್ಷಪಾತವಿರಲಿಲ್ಲ. ಅಲ್ಲಿ ಉಪ್ಪರಿಗೆಯ ನೆಲವೆಂದರೆ ತೊಲೆಗಳ ಮೇಲೆ ಹಾಸಿದ ಹಲಗೆಗಳು. ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗಿ ಅವುಗಳ ನಡುವೆ ಸಂದುಗಳಾಗಿದ್ದುವು. ಆ ಸಂದುಗಳಿಂದ ಮಾತೂ ಬರುತ್ತಿತ್ತು, ಹೆಜ್ಜೆಯ ಸದ್ದೂ ಬರುತ್ತಿತ್ತು, ಒಮ್ಮೊಮ್ಮೆ ತಟ್ಟೆಯೊಳಗೆ ಧೂಳೂ ಬರುತ್ತಿತ್ತು. ಅಜ್ಜಿಯು ಒಲೆಯ ಮುಂದೆ ಕುಳಿತೇ, ಅಟ್ಟದ ಮೇಲೆ ಬೆಲ್ಲದ ಗಡಿಗೆಯ ಬಳಿಗೆ ಹೋದವನು ಯಾವ ಮೊಮ್ಮಗನೆಂಬುದನ್ನು ಹಲಗೆಯ ಕಿರುಗುಟ್ಟುವಿಕೆಯಿಂದಲೇ ಗುರುತಿಸಿ ಹೆಸರು ಹಿಡಿದು ಕೂಗುತ್ತಿದ್ದಳು. ಹಿರಿಯರು ಗುಟ್ಟಿನ ಮಾತಿದ್ದರೆ ಅಡಕೆಯ ತೋಟಕ್ಕೆ ಹೋಗಿ ಆಡಿಕೊಳ್ಳುತ್ತಿದ್ದರು. ಎಲ್ಲವೂ ಎಲ್ಲರಿಗೂ ಕೇಳುತ್ತದೆಂಬುದು ಎಲ್ಲರಿಗೂ ತಿಳಿದಿದ್ದರಿಂದ ಆ ಮನೆಯಲ್ಲಿ ಒಂದು ಬಗೆಯ ಶಾಂತಿಯಿತ್ತು. ಆಮೇಲೆ ಬೆಂಗಳೂರಿನಲ್ಲಿ ಕೆಲಕಾಲ ನಾನಿದ್ದ ಹಳೆಯ ಮದ್ರಾಸು ತಾರಸಿಯ ಮನೆಯ ವಿಷಯ ಬೇರೆ: ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಕಟ್ಟಿ, ಅದರ ಮೇಲೆ ಇಟ್ಟಿಗೆಚೂರಿನ ಸುಣ್ಣಗಾರೆಯನ್ನು ಹರಡಿ, ಬೆಲ್ಲವೂ ಅಳಲೆಕಾಯಿಯೂ ಕಲೆತ ನೀರನ್ನು ಚಿಮುಕಿಸುತ್ತ ದಿನಗಟ್ಟಲೆ ಬಡಿದು ಬಡಿದು ಮಾಡಿದ ತಾರಸಿಯದು. ತನಗೆ ಬೀಳಬೇಕಾದ ಪೆಟ್ಟುಗಳೆಲ್ಲ ಹುಟ್ಟುವಾಗಲೇ ಬಿದ್ದುಹೋದುವೆಂಬ ಸಮಾಧಾನದಿಂದಲೋ ಏನೋ, ಮುಂದೆ ಅದು ಬಹುಮಟ್ಟಿಗೆ ಮೌನವಾಗಿರುತ್ತಿತ್ತು.

ವಿಜಾಪುರದ ಗೋಳಗುಮ್ಮಟದಲ್ಲಿ ಜನರು ಟಿಕೇಟು ಕೊಂಡು ಕಡಿದಾದ ಮೆಟ್ಟಿಲುಗಳನ್ನೇರಿ, ಸುಮಾರು 38 ಮೀಟರ್ ಅಗಲದ ಆ ಗುಮ್ಮಟದ ಒಂದು ಬದಿಯಲ್ಲಿ ಪಿಸುಗುಟ್ಟಿ, ಇನ್ನೊಂದು ಬದಿಯಲ್ಲಿ ಕೇಳಿಸಿಕೊಂಡು ಧನ್ಯರಾಗುತ್ತಾರೆ. 1921ರಲ್ಲಿ ಲಂಡನ್ನಿಗೆ ಹೋದ ಸಿ. ವಿ. ರಾಮನ್ ಅವರು ಸೇಂಟ್ ಪಾಲ್ ಇಗರ್ಜಿಯ ಇಂಥದೇ ಪಿಸುಗುಟ್ಟುವ ಮೊಗಸಾಲೆಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದರು. ಮೊಹಮ್ಮದ್ ಆದಿಲ್ ಶಾಹನು ತನ್ನ ಗೋರಿಗೆಂದು ಕಟ್ಟಿಸಿದ ಗೋಳಗುಮ್ಮಟದಲ್ಲಿ ಮಾತು ಅಷ್ಟು ದೂರ ಹೋಗುವುದು ವಿಸ್ಮಯವೇ ಸರಿ. ಆದರೆ ಅಲ್ಲಿ ಮಲಗಿರುವವರಿಗೆ ಅದರಿಂದ ಎಚ್ಚರವಾಗುವ ಭಯವಿಲ್ಲವೆಂಬುದನ್ನೂ ಗಮನಿಸಬೇಕು.

ಮಹಡಿಯ ಸದ್ದನ್ನು ಅಳೆಯುವುದಕ್ಕೆಂದೇ ಎಂಜಿನಿಯರುಗಳಲ್ಲಿ ಒಂದು ಯಂತ್ರವಿದೆಯಂತೆ. ತಲಾ ಅರ್ಧ ಕಿಲೋ ತೂಕದ ಐದು ಉಕ್ಕಿನ ಸುತ್ತಿಗೆಗಳು, 40 ಮಿಲಿಮೀಟರ್ ಎತ್ತರದಿಂದ, ಸೆಕೆಂಡಿಗೆ ಹತ್ತು ಪೆಟ್ಟಿನಂತೆ ಮೇಲಿನ ನೆಲವನ್ನು ಕುಟ್ಟುತ್ತಿರುವಾಗ, ಕೆಳಗಿನ ಕೋಣೆಯಲ್ಲಿ ಸದ್ದಿನ ಪ್ರಮಾಣವನ್ನು ಗುರುತುಹಾಕಿಕೊಳ್ಳುತ್ತಾರೆ. ಇದನ್ನು ಕೇಳಿ ನನ್ನ ಮನೆಯಾಕೆಯು, ಅಷ್ಟು ದುಡ್ಡು ಸುರಿದು ಯಂತ್ರವೇಕೆ, ನಮ್ಮ ಮಾಲೀಕರ ಮೊಮ್ಮಗನನ್ನೇ ಕರೆದುಕೊಂಡು ಹೋಗಬಾರದೇ ಎಂದಳು.

ಪರಿಹಾರವೇನೆಂದು ಕೇಳಿದಾಗ ಮಿತ್ರರು ನಕ್ಕರು. ಕೆಳಗಿನಿಂದ ಸುಳ್ಳು ತಾರಸಿಯನ್ನು ತೂಗುಬಿಟ್ಟರೂ ಗೋಡೆಗಳ ದಾರಿ ತೆರೆದೇ ಇರುತ್ತದೆ. ಪೆಟ್ಟು ಕಾಂಕ್ರೀಟನ್ನು ಮುಟ್ಟುವ ಮೊದಲೇ ಮೆತ್ತನೆಯ ಹಾಸಿನಲ್ಲಿ ಅಡಗಿಹೋಗುವಂತೆ ಮಾಡುವುದೇ ಮೇಲು. ಅಂದರೆ ರೋಗ ನಮ್ಮ ಮನೆಯಲ್ಲಿ, ಔಷಧ ಸೇವಿಸಬೇಕಾದವರು ಮೇಲಿನ ಮನೆಯವರು. ಬಾಡಿಗೆದಾರನೊಬ್ಬನು ಮೆಟ್ಟಿಲೇರಿ ಹೋಗಿ, ಸ್ವಾಮಿ, ನಿಮ್ಮ ಸ್ವಂತ ಮನೆಯಲ್ಲಿ ಸ್ವಲ್ಪ ಮೆಲ್ಲನೆ ನಡೆಯಿರಿ ಎಂದು ಮಾಲೀಕರಿಗೆ ಹೇಳಿದ ದೃಷ್ಟಾಂತವು ಇತಿಹಾಸದಲ್ಲಿ ಇದ್ದರೂ, ಆತನು ಮರುತಿಂಗಳು ಅದೇ ಮನೆಯಲ್ಲಿದ್ದ ದೃಷ್ಟಾಂತವಿರಲಾರದು.

ಹೀಗಿರಲು ಮೊಮ್ಮಗನ ಉಪನಯನವು ನಿಶ್ಚಯವಾಯಿತು. ಉಡುಗೊರೆಯಾಗಿ ಜಮಖಾನೆಯನ್ನೇ ಕೊಟ್ಟರೆ ಗೌರವಕ್ಕೆ ಗೌರವ, ಔಷಧಕ್ಕೆ ಔಷಧ ಎಂಬ ಉಪಾಯವು ನನ್ನ ಮನೆಯಾಕೆಗೆ ಹೊಳೆಯಿತು. ಹಿತ್ತಿಲ ಬಾಗಿಲಲ್ಲಿ ಕುಳಿತು ಹಲವು ಸಂಜೆ ನಾವು ಈ ಕುರಿತು ಮಂತ್ರಾಲೋಚನೆ ನಡೆಸಿದೆವು. ಮೇಲಿನ ಕೋಣೆಯೂ ಕೆಳಗಿನ ಕೋಣೆಯೂ ಒಂದೇ ಅಳತೆಯವಾದುದರಿಂದ, ಹುಡುಗನು ಹಾರುವ ಜಾಗವನ್ನು ಕೆಳಗಿನಿಂದಲೇ ಗೊತ್ತುಮಾಡಿ, ಗೋಡೆಯಿಂದ ಗೋಡೆಗೆ ಮೊಳ ಹಾಕಿ, ನವಲಗುಂದದ ಹೆಂಗಸರು ನಿಲುಮಗ್ಗದಲ್ಲಿ ಕೈಯಾರೆ ನೇಯ್ದ, ನವಿಲುಗಳ ಚಿತ್ತಾರವಿದ್ದ, ದಪ್ಪನೆಯ ಒಂದು ಜಮಖಾನೆಯನ್ನು ತರಿಸಿ ಒಪ್ಪಿಸಿದೆವು. ಅವರು ಪರಮಾನಂದಪಟ್ಟರು. ಅಂದಿನ ರಾತ್ರಿ ನಾವು ಕಿವಿಗೊಟ್ಟು ಮಲಗಿದೆವು. ಹುಡುಗನು ಎಂದಿನಂತೆ ಹಾರಿದನು. ಅದಕ್ಕೆ ಮುನ್ನ ಕಬ್ಬಿಣದ ಪೆಟ್ಟಿಗೆಯೊಂದನ್ನು ದರದರ ಎಳೆದ ಹೊಸ ಸದ್ದೊಂದು ಮಾತ್ರ ಹೆಚ್ಚಾಗಿ ಕೇಳಿಬಂತು.

ವರಮಹಾಲಕ್ಷ್ಮಿಯ ದಿನ ಅರಿಸಿನ ಕುಂಕುಮಕ್ಕೆಂದು ಮೇಲೆ ಹೋದ ನನ್ನ ಮನೆಯಾಕೆಯು ಬಲು ಹೊತ್ತಿನ ಮೇಲೆ ಇಳಿದು ಬಂದಳು. ಜಮಖಾನೆಯು ಪೆಟ್ಟಿಗೆಯಲ್ಲಿ ಭದ್ರವಾಗಿದೆ. ನೆಂಟರು ಬಂದಾಗ ತೆಗೆದು ತೋರಿಸಿ ಮತ್ತೆ ಮಡಿಸಿಡುತ್ತಾರೆ. ಮಾಲೀಕರ ಪತ್ನಿಯವರು ಆಕೆಯ ಕೈ ಹಿಡಿದು ಹೇಳಿದರಂತೆ: “ಅಷ್ಟು ಬೆಲೆ ಕೊಟ್ಟು ಯಾಕೆ ತಂದಿರಿ? ಇವನು ಹಾರೋದು ತೊಂದರೆಯಾಗ್ತಿದ್ದರೆ ನನಗೇ ಒಂದು ಮಾತು ಹೇಳಬಾರದಿತ್ತೇನ್ರೀ? ನವಿಲಿರೋ ಜಮಖಾನೆ ತುಳಿಯೋಕೆ ನಮಗೆ ಮನಸ್ಸು ಬರಲಿಲ್ಲ.”

ಬೆಲೆಯನ್ನು ನಾವು ಯಾರಿಗೂ ಹೇಳಿರಲಿಲ್ಲ. ಮಿತ್ರರನ್ನು ಕೇಳಿದರೆ ಅದಕ್ಕೂ ಕಾರಣ ಸಿದ್ಧವಾಗಿತ್ತು: ಹಿತ್ತಿಲ ಬಾಗಿಲಲ್ಲಿ ಆಡಿದ ಮಾತು ತಾರಸಿಯನ್ನು ದಾಟುವ ಗೋಜಿಗೇ ಹೋಗುವುದಿಲ್ಲ, ತೆರೆದ ಗಾಳಿಯಲ್ಲಿ ಹೊರಗೋಡೆಯ ಗುಂಟ ಏರಿ, ಮೇಲಿನ ಅಡುಗೆಮನೆಯ ಕಿಟಕಿಯನ್ನು ಸುಖವಾಗಿ ಪ್ರವೇಶಿಸುತ್ತದೆ. ಅವರ ಕಾಲುಗಳು ನಮಗೆ ಪರಿಚಿತವಾದಷ್ಟೇ ನಮ್ಮ ಮಾತುಗಳು ಅವರಿಗೆ ಪರಿಚಿತ. ನಾನು ಹಿಂದಿನ ವರ್ಷಗಳಲ್ಲಿ ಬಾಡಿಗೆಯ ಕುರಿತು, ಮಾಲೀಕರ ಜಿಪುಣತನದ ಕುರಿತು ಆ ಬಾಗಿಲಲ್ಲಿ ಕುಳಿತು ಏನೇನು ಆಡಿದ್ದೆನೆಂದು ಜ್ಞಾಪಿಸಿಕೊಳ್ಳುತ್ತಿದ್ದಂತೆ ನನ್ನ ಮನೆಯಾಕೆಯು ಉಳಿದುದನ್ನೂ ಹೇಳಿದಳು. ಹೊರಡುವಾಗ ಆ ಸಾಧ್ವಿಯು ಹೀಗೆಂದರಂತೆ: “ಹುಡುಗನಿಗೆ ಗದರಿಸಿದ್ದೀನಿ. ಹಾರೋದಾದರೆ ಅವರು ಮಲಗೋ ಮನೆ ಮೇಲೆ ಬೇಡ, ಬರೆಯೋ ಕೋಣೆ ಮೇಲೆ ಹಾರು ಅಂದಿದ್ದೀನಿ. ಅಲ್ಲಿ ನಿಮ್ಮೆಜಮಾನರು ಮಾಡೋ ಕೆಲಸ ಅಂಥಾದ್ದೇನೂ ಇಲ್ಲ ಅಂತ ನೀವೇ ಹೇಳ್ತಿದ್ದಿರಲ್ಲ.”

ಈ ಪ್ರಬಂಧವನ್ನು ಮಲಗುವ ಮನೆಯಲ್ಲಿ ಕುಳಿತು ಬರೆದಿದ್ದೇನೆ.