ಕಿವಿಗೆ ಏನು ಹಾಕಿದ್ರಿ?

ಏಪ್ರಿಲ್ ಬಂತೆಂದರೆ ಬೆಂಗಳೂರಿನ ಅಪ್ಪ ಅಮ್ಮಂದಿರಿಗೆ ಮಕ್ಕಳನ್ನು ಮನೆಯಿಂದ ಹೊರಗೆ ಹಾಕುವುದು ಹೇಗೆಂಬ ಚಿಂತೆ. ಸಮ್ಮರ್ ಕ್ಯಾಂಪಿನಲ್ಲಿ ಈಜಿಗೆ ಸೇರಿಸುತ್ತಾರೆ. ಎರಡನೇ ವಾರಕ್ಕೆ ಮಗು ಕಿವಿ ಹಿಡಿದುಕೊಂಡು ಮನೆಗೆ ಬರುತ್ತದೆ. ತಪ್ಪು ಮಾಡಿದ್ದಕ್ಕಲ್ಲ, ನೋವಿಗೆ.

ಈಜುಕೊಳದ ಗೇಟಿನಲ್ಲೇ ಮೂಗಿಗೆ ಬಡಿಯುವ ಘಾಟಿಗೆ ಅಪ್ಪಂದಿರು ಮೆಚ್ಚಿ ತಲೆದೂಗುತ್ತಾರೆ. "ನೋಡ್ರೀ, ಎಷ್ಟು ಚೆನ್ನಾಗಿ ಕ್ಲೋರಿನ್ ಹಾಕ್ತಾರೆ!" ಆ ಘಾಟು ಬರಿಯ ಕ್ಲೋರಿನ್ನಿನದಲ್ಲ ಸ್ವಾಮಿ, ಕ್ಲೋರಿನ್ನು ಬೆವರು, ಮೂತ್ರಗಳ ಜೊತೆ ಸೇರಿ ಹುಟ್ಟುವ ಕ್ಲೋರಮೈನಿನದು. ವಾಸನೆ ಜೋರಾಗಿದ್ದರೆ ಹಿಂದಿನ ಬ್ಯಾಚಿನವರು ಧಾರಾಳಿಗಳು ಎಂದರ್ಥ. ನೀರಿನ ಪಿಎಚ್ 7.8 ದಾಟಬಾರದು, ಲೀಟರಿಗೆ 1 ಮಿಲಿಗ್ರಾಮಾದರೂ ಕ್ಲೋರಿನ್ ಉಳಿದಿರಬೇಕು. ಅದನ್ನು ದಿನಾ ಬರೆದು ಹಾಕಬೇಕಾದ ಬೋರ್ಡಿನಲ್ಲಿ ಮುಂದಿನ ಬ್ಯಾಚಿನ ಫೀಸು ಬರೆದಿರುತ್ತದೆ.

ಹಾಗಂತ ಎಲ್ಲವನ್ನೂ ಕೊಳದ ತಲೆಗೆ ಕಟ್ಟುವಂತಿಲ್ಲ. ಶುದ್ಧ ನೀರೇ ಆದರೂ ಕಿವಿಯಲ್ಲಿ ನಿಂತರೆ ಒಳಗಿನ ಚರ್ಮ ನೆನೆದು ಮೆತ್ತಗಾಗುತ್ತದೆ, ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಬಿಡಾರ ಹೂಡುತ್ತದೆ. ಇದನ್ನು ತಡೆಯಲೆಂದೇ ದೇಹ ಗುಗ್ಗೆಯನ್ನು ನೇಮಿಸಿದೆ. ನೀರು ಹತ್ತಿಸಿಕೊಳ್ಳದ, ಕೊಂಚ ಆಮ್ಲ ಗುಣದ, ಸಂಬಳ ಕೇಳದ ಕಾವಲುಗಾರ. ನಾವು ಅವನನ್ನು ಭಾನುವಾರ ಹೇರ್‌ಪಿನ್ನಿನಿಂದ, ವಾರದ ದಿನಗಳಲ್ಲಿ ಸ್ಕೂಟರ್ ಕೀಯಿಂದ, ಕೈಗೆ ಏನೂ ಸಿಗದಿದ್ದರೆ ಬೆಂಕಿಕಡ್ಡಿಯಿಂದ ಹೊರದಬ್ಬುತ್ತಲೇ ಬಂದಿದ್ದೇವೆ. ಒಳಗೆ ಹಾಕಬೇಡಿ ಎಂದು ಎಷ್ಟೋ ಇಯರ್ ಬಡ್ಸ್ ಡಬ್ಬಿಗಳ ಮೇಲೆ ಕಂಪನಿಯವರೇ ಅಚ್ಚು ಹಾಕಿಸಿದ್ದಾರೆ. ಅದನ್ನು ಓದಲು ಕನ್ನಡಕ ಬೇಕು, ಕನ್ನಡಕದ ಕಡ್ಡಿ ಆಗಲೇ ಕಿವಿಯೊಳಗಿರುತ್ತದೆ.

ನೋವು ಶುರುವಾದ ಮೇಲೆ ಮಗುವಿನ ಕಿವಿ ಸಾರ್ವಜನಿಕ ಆಸ್ತಿ. ಅಜ್ಜಿ ಸೌಟಿನಲ್ಲಿ ಕೊಬ್ಬರಿ ಎಣ್ಣೆ ಕಾಯಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ, "ಮಗ್ಗಲಾಗೋ ಪುಟ್ಟ" ಎನ್ನುತ್ತಾರೆ. ಪಕ್ಕದ ಮನೆ ಆಂಟಿ ಫ್ರಿಜ್ಜಿನ ಬಾಗಿಲಿನಿಂದ ಹೋದ ವರ್ಷದ ಡ್ರಾಪ್ಸ್ ತಂದುಕೊಡುತ್ತಾರೆ. ತಮಟೆ ತೂತಾಗಿದ್ದರೆ ಕೆಲವು ಡ್ರಾಪ್ಸ್ ಕೇಳಿಸುವುದನ್ನೇ ಕಸಿದುಕೊಳ್ಳಬಲ್ಲವು ಎಂಬುದು ಆಂಟಿಯ ಕಿವಿಗೆ ಬಿದ್ದಿಲ್ಲ. ಮೆಡಿಕಲ್ ಶಾಪಿನ ಹುಡುಗ ಮಗುವಿನ ಮುಖವನ್ನೂ ನೋಡದೆ ಆಂಟಿಬಯೋಟಿಕ್ ಮಾತ್ರೆ ಎಣಿಸಿ ಕೊಡುತ್ತಾನೆ. ಸಾಮಾನ್ಯ ಹೊರಕಿವಿಯ ಸೋಂಕಿಗೆ ಅದು ಬೇಕಿಲ್ಲ, ಸರಿಯಾದ ಡ್ರಾಪ್ಸ್ ಸಾಕು. ಇಷ್ಟೆಲ್ಲ ಗಲಾಟೆಯ ನಡುವೆ, ಇಪ್ಪತ್ತು ವರ್ಷದಿಂದ ಶುಗರ್ ಇರುವ ತಾತ ಮೂಲೆಯಲ್ಲಿ ಕೂತು ಪಿನ್ನಿನಿಂದ ಕಿವಿ ಕೆರೆದುಕೊಳ್ಳುತ್ತಿರುತ್ತಾರೆ. ಇದೇ ಸೋಂಕು ಅಂಥವರಲ್ಲಿ ತಲೆಬುರುಡೆಯ ಮೂಳೆಗೇ ಇಳಿಯಬಹುದು. ಅವರನ್ನು ಯಾರೂ ಗಮನಿಸುವುದಿಲ್ಲ, ಈಜಿಗೆ ಹೋದವರಲ್ಲವಲ್ಲ.

ಕಡೆಗೆ ಇಎನ್‌ಟಿ ಡಾಕ್ಟರು. ಕಿವಿಯನ್ನು ಹಗುರವಾಗಿ ಎಳೆಯುತ್ತಾರೆ, ಮಗು ಕಿಟಾರೆಂದು ಚೀರುತ್ತದೆ, ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

"ಕಿವಿಗೆ ಏನು ಹಾಕಿದ್ರಿ?"

"ಏನೂ ಇಲ್ಲ ಡಾಕ್ಟ್ರೇ."

ಸಕ್ಷನ್ ನಳಿಗೆಯ ತುದಿಯಲ್ಲಿ ಬೆಳ್ಳುಳ್ಳಿ ಸಿಪ್ಪೆಯ ಚೂರೊಂದು ಹೊರಬರುತ್ತದೆ. ಡಾಕ್ಟರು ಅದನ್ನು ಬೆಳಕಿಗೆ ಹಿಡಿಯುತ್ತಾರೆ. ಅಮ್ಮ ಅಪ್ಪನನ್ನು ನೋಡುತ್ತಾರೆ, ಅಪ್ಪ ಗೋಡೆಯ ಮೇಲಿನ ಕಿವಿಯ ಚಿತ್ರಪಟವನ್ನು ಬಹಳ ಆಸಕ್ತಿಯಿಂದ ನೋಡತೊಡಗುತ್ತಾರೆ.

ಏಳು ದಿನ ಡ್ರಾಪ್ಸ್, ಹಾಕಿದ ಮೇಲೆ ಐದು ನಿಮಿಷ ಮಗ್ಗುಲಾಗಿ ಮಲಗಿಸಬೇಕು, ಕಿವಿಗೆ ನೀರು ಸೋಕಬಾರದು, ವಾಸಿಯಾಗುವವರೆಗೆ ಕೊಳದ ಕಡೆ ತಲೆ ಹಾಕಬಾರದು ಎಂದು ಬರೆದುಕೊಟ್ಟದ್ದಾಯಿತು. ಮೂರನೇ ದಿನ ನೋವು ನಿಂತಿತು, ಡ್ರಾಪ್ಸೂ ನಿಂತಿತು. ಉಳಿದ ಬಾಟಲಿಯನ್ನು ಅಮ್ಮ ಫ್ರಿಜ್ಜಿನ ಬಾಗಿಲಲ್ಲಿ ಜೋಪಾನವಾಗಿಟ್ಟರು. ಮೇಲಿನ ಮನೆಯ ಹುಡುಗಿಯೂ ಈಜಿಗೆ ಸೇರಿದ್ದಾಳಂತೆ.