ಕೊಂದದ್ದು ಇವರೇ ಸ್ವಾಮಿ, ನಂಬಿ!

ಮಂಡ್ಯ ಸೀಮೆಯಲ್ಲಿ ಕೊಲೆಯೊಂದು ನಡೆದರೆ ಮಾರನೇ ದಿನ ಏನಾಗುತ್ತದೆ ಎಂಬುದು ಠಾಣೆ ಎದುರಿನ ಟೀ ಅಂಗಡಿಯವನಿಗೂ ಗೊತ್ತು. ಆರೋಪಿಯ ತಾಯಿ ‘ನನ್ ಮಗ ಇರುವೆ ತುಳಿಯಕ್ಕೂ ಹೆದರ್ತನೆ’ ಎಂದು ಎದೆ ಬಡಿದುಕೊಳ್ಳುತ್ತಾಳೆ. ಅಣ್ಣತಮ್ಮಂದಿರು ‘ಅವತ್ತು ಅವ್ನು ಊರಲ್ಲೇ ಇರ್ನಿಲ್ಲ, ಧರ್ಮಸ್ಥಳಕ್ಕೆ ಹೋಗಿದ್ದ’ ಎನ್ನುತ್ತಾರೆ. ಒಂದೇ ಒಂದು ಮೊಕದ್ದಮೆ ಮಾತ್ರ ಇಲ್ಲಿ ತಲೆಕೆಳಗಾಗಿ ನಡೆಯಿತು. ಅದರಲ್ಲಿ ಆರೋಪಿಗಳ ಪರ ನಿಂತವರೇ ‘ಇವರೇ ಕೊಂದಿದ್ದು, ದಯವಿಟ್ಟು ನಂಬಿ’ ಎಂದು ಮೈಕು ಹಿಡಿದು ಊರೂರು ಸುತ್ತಿದರು. ಆರೋಪಿಗಳು ಉರಿಗೌಡ ಮತ್ತು ನಂಜೇಗೌಡ. ಹತನಾದವನು ಟಿಪ್ಪು ಸುಲ್ತಾನ್. ಘಟನೆ 1799ರ ಮೇ 4ರದು, ದೂರಿಗೆ ಕಾವೇರಿದ್ದು 2023ರ ವಿಧಾನಸಭಾ ಚುನಾವಣೆಗೆ ಎರಡು ತಿಂಗಳಿರುವಾಗ. ಎಫ್‌ಐಆರ್ ಮೂರು ಗಂಟೆ ತಡವಾದರೆ ಪಾಟೀ ಸವಾಲಿನಲ್ಲಿ ಇನ್‌ಸ್ಪೆಕ್ಟರ ಬೆವರಿಳಿಸುತ್ತಾರೆ. ಇಲ್ಲಿ 224 ವರ್ಷ ತಡ, ಯಾರ ಹಣೆಯಲ್ಲೂ ಒಂದು ಹನಿ ಬೆವರಿಲ್ಲ.

ಈ ಕೇಸು ವಿಚಾರಣೆಗೆ ಬರಬೇಕಾದದ್ದು ವೈದ್ಯನಾಥಪುರದಂಥ ಊರಿನ ಅರಳಿಕಟ್ಟೆಗೆ. ಶಿಂಷಾ ದಡದ ಈ ಊರಿನಲ್ಲಿ ರೋಗ ವಾಸಿ ಮಾಡುವ ವೈದ್ಯನಾಥೇಶ್ವರನಿದ್ದಾನೆ; ಕಟ್ಟೆಯ ಮೇಲೆ, ಹಿಂದೊಮ್ಮೆ ಪೊಲೀಸರ ಮಹಜರಿಗೆ ಪಂಚನಾಗಿ ಸಹಿ ಹಾಕಿ, ಆಮೇಲೆ ಸಾಕ್ಷಿ ಹೇಳಲು ಕೋರ್ಟಿಗೆ ಅಲೆದು ಕಾಲು ಸವೆಸಿಕೊಂಡ ದೊಡ್ಡಪ್ಪನೊಬ್ಬ ಸಿಗದೇ ಇರುವುದಿಲ್ಲ. ಅಂಥ ದೊಡ್ಡಪ್ಪ ಕೇಳುವ ಮೊದಲ ಪ್ರಶ್ನೆಯೇ ‘ಹೆಣ ಎಲ್ಲಿ ಸಿಕ್ತು, ಗಾಯ ಎಂಥದು?’ ಎಂಬುದು.

ಅಷ್ಟಕ್ಕೆ ಉತ್ತರವಿದೆ. ಮಾರ್ಚ್ 27ರಂದು ನಮ್ಮ ಮಳವಳ್ಳಿಯಲ್ಲಿ ಕಾದಾಡಿ ಹಿಂದೆ ಸರಿದಿದ್ದ ಟಿಪ್ಪು, ಶ್ರೀರಂಗಪಟ್ಟಣದ ಕೋಟೆ ಒಡೆದ ದಿನ ಬಾಗಿಲೊಂದರ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ. ಜೊತೆಗಿದ್ದವನು ಅವನ ಆಳು ರಾಜಾಖಾನ್. ‘ನೀವು ಯಾರೆಂದು ಹೇಳಿಬಿಡಿ’ ಎಂದು ಅವನು ಬೇಡಿದರೂ ಸುಲ್ತಾನ ಒಪ್ಪಲಿಲ್ಲ. ಬ್ರಿಟಿಷ್ ಕಡೆಯ ಸೈನಿಕನೊಬ್ಬ ಬೆಲೆಬಾಳುವ ಕತ್ತಿಪಟ್ಟಿಗೆ ಕೈಹಾಕಿದ. ಬಿದ್ದಲ್ಲಿಂದಲೇ ಟಿಪ್ಪು ಅವನ ಮಂಡಿಯ ಬಳಿ ಕತ್ತಿ ಬೀಸಿದ. ಸೈನಿಕ ಗುಂಡು ಹೊಡೆದ. ರಾತ್ರಿ ಪಂಜು ಹಿಡಿದು ಹೆಣಗಳ ರಾಶಿ ಸರಿಸಿದಾಗ ಮೈಮೇಲೆ ಮೂರು ಗಾಯ, ಕಪಾಲದಲ್ಲಿ ಒಂದು. ಕಣ್ಣು ತೆರೆದೇ ಇತ್ತು, ಮೈ ಇನ್ನೂ ಬಿಸಿ. ಬದುಕಿದ್ದಾನೇನೋ ಎಂಬ ಅನುಮಾನಕ್ಕೆ ನಾಡಿ ಹಿಡಿದು ನೋಡಿದರಂತೆ. ಇದನ್ನೆಲ್ಲ ಮರುವರ್ಷವೇ, 1800ರಲ್ಲಿ, ಅಲೆಕ್ಸಾಂಡರ್ ಬೀಟ್ಸನ್ ಅಚ್ಚು ಹಾಕಿಸಿದ. ಬರೆದವನು ಗೆದ್ದವರ ಕಡೆಯವನು, ಅನುಮಾನ ಇಟ್ಟುಕೊಂಡೇ ಓದಬೇಕು, ಒಪ್ಪಿದೆ. ಆದರೆ ಬಾಗಿಲಲ್ಲಿ ನಡೆದದ್ದನ್ನು ಹೇಳಿದ ರಾಜಾಖಾನ್ ಸ್ಥಳದಲ್ಲೇ ಗಾಯಗೊಂಡು ಬಿದ್ದಿದ್ದವನು. ಗಾಯಾಳು ಸಾಕ್ಷಿಯ ಮಾತಿಗೆ ನಮ್ಮ ನ್ಯಾಯಾಲಯಗಳು ಹೆಚ್ಚು ತೂಕ ಕೊಡುತ್ತವೆ, ಸ್ಥಳದಲ್ಲಿ ಅವನಿದ್ದ ಎಂಬುದಕ್ಕೆ ಗಾಯವೇ ಗುರುತು. ಅವನ ಮಾತಿನಲ್ಲಿ ಗೌಡರಿಬ್ಬರೂ ಇಲ್ಲ.

ಗುಂಡು ಹೊಡೆದ ಸೈನಿಕನ ಹೆಸರು ಇವತ್ತಿಗೂ ಗೊತ್ತಿಲ್ಲ. ಶ್ರೀರಂಗಪಟ್ಟಣಕ್ಕೆ ಹೋದವರು ಆ ಜಾಗದ ಫಲಕವನ್ನು ಓದಿ ನೋಡಿ. ಟಿಪ್ಪುವಿನ ದೇಹ ಇಲ್ಲಿ ದೊರೆಯಿತು ಎಂದಷ್ಟೇ ಕೆತ್ತಿದ್ದಾರೆ. ಯಾರು ಕೊಂದರು, ಯಾಕೆ ಕೊಂದರು, ಯಾವ ಜಾತಿಯವರು ಕೊಂದರು, ಏನೂ ಇಲ್ಲ. ಈ ಇಡೀ ಮೊಕದ್ದಮೆಯಲ್ಲಿ ತನಗೆ ಗೊತ್ತಿದ್ದಷ್ಟನ್ನೇ ಹೇಳಿ ಬಾಯಿ ಮುಚ್ಚಿಕೊಂಡ ಏಕೈಕ ಸಾಕ್ಷಿ ಆ ಕಲ್ಲು.

ಕೊಂದವನ ಜಾಗ ಹೀಗೆ ಖಾಲಿ ಬಿದ್ದಿತ್ತು. ನಮ್ಮ ಕಡೆ ಖಾಲಿ ಬಿದ್ದ ಜಾಗಕ್ಕೆ ಯಾರಾದರೂ ಬೇಲಿ ಹಾಕದೆ ಬಿಡುತ್ತಾರೆಯೇ?

ಮೊದಲ ಸಾಕ್ಷ್ಯ, ನಾಟಕ. 2022ರಲ್ಲಿ ಮೈಸೂರು ರಂಗಾಯಣದ ನಿರ್ದೇಶಕರಾಗಿದ್ದ ಅಡ್ಡಂಡ ಕಾರ್ಯಪ್ಪನವರ ‘ಟಿಪ್ಪು ನಿಜ ಕನಸುಗಳು’ ರಂಗದ ಮೇಲೆ ಈ ಇಬ್ಬರಿಂದಲೇ ಟಿಪ್ಪುವನ್ನು ಮುಗಿಸಿತು. ಹೆಸರಿನಲ್ಲೇ ‘ನಿಜ’ ಇದೆಯಲ್ಲ, ಇನ್ನೇನು ಬೇಕು ಎಂದವರಿದ್ದರು. ಆಗಿನ್ನೂ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದ 60ನೇ ಕಲಂ ಪ್ರಕಾರ ಕಂಡದ್ದನ್ನು ಕಂಡವನೇ ಬಂದು ಹೇಳಬೇಕು. ಮುಂದಿನ ಸಾಲಿನಲ್ಲಿ ಕೂತು ನಾಟಕ ನೋಡಿದವರೆಲ್ಲ ಪ್ರತ್ಯಕ್ಷದರ್ಶಿಗಳು ಎಂದು ಆ ಕಲಂ ಎಲ್ಲೂ ಹೇಳಿಲ್ಲ.

ಎರಡನೆಯದು ಪುಸ್ತಕ. ‘ಸುವರ್ಣ ಮಂಡ್ಯ’ದಲ್ಲಿ ಇಬ್ಬರ ಹೆಸರಿದೆ ಎಂದು ಬಿಜೆಪಿ ನಾಯಕರು ತೋರಿಸಿದರು. ಹೆಸರಿರಲಿ, ಸಂತೋಷ. ಮಂಡ್ಯ ಜಿಲ್ಲೆ ಹುಟ್ಟಿದ್ದೇ 1939ರಲ್ಲಿ. ಅದರ ಸುವರ್ಣದ ಹೆಸರು ಹೊತ್ತ ಪುಸ್ತಕ 1799ರ ಕೊಲೆಗೆ ಸಾಕ್ಷಿ ನುಡಿಯಬೇಕಾದರೆ ತನಗೆ ಯಾರು ಹೇಳಿದರು ಎಂಬುದನ್ನೂ ಹೇಳಬೇಕು. ಅದೇ ಅಧಿನಿಯಮದ 90ನೇ ಕಲಂ ಹಳೆಯ ಕಾಗದಕ್ಕೆ ಸ್ವಲ್ಪ ದಯೆ ತೋರುತ್ತಿತ್ತು. 30 ವರ್ಷ ದಾಟಿದ ದಸ್ತಾವೇಜು ಇರಬೇಕಾದ ಕಡೆಯಿಂದಲೇ ಬಂದಿದ್ದರೆ ಅದು ಅಸಲಿ ಎಂದುಕೊಳ್ಳಬಹುದು. ಅಸಲಿ ಎಂದರೆ ಕಾಗದ ಅಸಲಿ, ಅದರೊಳಗಿನ ಸಂಗತಿಯಲ್ಲ. ಪಹಣಿ ತಿದ್ದಿಸಿ ಪಕ್ಕದವನ ಹೊಲ ನುಂಗಿದವರು ಇರುವ ತಾಲ್ಲೂಕಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ಕಮಾನು. 2023ರ ಮಾರ್ಚ್ 12ರಂದು ಪ್ರಧಾನಿ ಮೋದಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆಗೆ ಬಂದಾಗ ಮಂಡ್ಯದಲ್ಲಿ ‘ಉರಿಗೌಡ ನಂಜೇಗೌಡ ಮಹಾದ್ವಾರ’ ಎದ್ದಿತು. ಗಲಾಟೆಯಾಯಿತು. ನೋಡನೋಡುತ್ತಿದ್ದಂತೆ ಅದೇ ಕಮಾನಿನ ಮೇಲೆ ಆದಿಚುಂಚನಗಿರಿ ಮಠದ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರು ಬಂದು ಕೂತಿತು. ಸಾಕ್ಷಿ ಕಟಕಟೆಯಲ್ಲಿ ನಿಂತೇ ಉಲ್ಟಾ ಹೊಡೆಯುವುದನ್ನು ನೋಡಿದ್ದೆವು. ಕಟಕಟೆಯೇ ಉಲ್ಟಾ ಹೊಡೆದದ್ದು ಇದೇ ಮೊದಲು. ಅಂದಿನ ಬಹಿರಂಗ ಸಭೆ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಉದ್ಘಾಟನೆಯಾದ ಹೆದ್ದಾರಿ ಮದ್ದೂರು ಪೇಟೆಗೆ ಕಾಲೇ ಇಡದೆ ಬೈಪಾಸಿನಲ್ಲಿ ಹೋಗಿ ವಡೆ ವ್ಯಾಪಾರಕ್ಕೆ ಕೊಟ್ಟ ಪೆಟ್ಟಿಗೆ ಕಣ್ಣಾರೆ ಕಂಡ ಸಾಕ್ಷಿಗಳು ಬೇಕಾದಷ್ಟಿದ್ದರು. ಅವರನ್ನು ಯಾರೂ ಕರೆಯಲಿಲ್ಲ.

ನಾಲ್ಕನೆಯದು ಸಿನಿಮಾ. ಆಗ ಸಚಿವರೂ ಆಗಿದ್ದ ನಿರ್ಮಾಪಕ ಮುನಿರತ್ನ ‘ಉರಿಗೌಡ ನಂಜೇಗೌಡ’ ಚಿತ್ರ ತೆಗೆಯುತ್ತೇನೆಂದರು. ಸಂದರ್ಭ ಸಾಕ್ಷ್ಯದ ಕೊಂಡಿಗಳು ಎಲ್ಲೂ ಕಳಚದೆ ಕೂಡಿರಬೇಕು ಎಂದು ಶರದ್ ಬಿರ್ಧಿಚಂದ್ ಸಾರ್ಡಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1984ರಲ್ಲೇ ಹೇಳಿದೆ. ಇಲ್ಲಿ ಸಿಕ್ಕ ಕೊಂಡಿಗಳು ನಾಟಕ, ಕಮಾನು, ಟೈಟಲ್ಲು. ಮುಂದಿನ ಕೊಂಡಿ ಐಟಂ ಸಾಂಗೇ ಆಗಬೇಕಿತ್ತೇನೋ. ಅಷ್ಟರಲ್ಲಿ ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿ ಕರೆಸಿ ಮಾತಾಡಿದರು, ಮಾರ್ಚ್ 20ಕ್ಕೆ ಚಿತ್ರ ಕೈಬಿಟ್ಟುಹೋಯಿತು. ದಾಖಲೆ ಇದ್ದರೆ ಒಟ್ಟುಮಾಡಿ ಮಠಕ್ಕೆ ಕೊಡಿ, ಅಲ್ಲಿಯವರೆಗೆ ಗೊಂದಲ ಬೇಡ ಎಂಬುದು ಅವರ ಮಾತಿನ ಸಾರ. ಮೊದಲು ತೀರ್ಪು, ಆಮೇಲೆ ಮೆರವಣಿಗೆ, ಕೊನೆಗೆ ಸಾಕ್ಷ್ಯ ಎಂದು ಹೊರಟಿದ್ದ ಬಂಡಿಗೆ ಎತ್ತು ಯಾವ ಕಡೆ ಕಟ್ಟಬೇಕೆಂದು ಕಡೆಗೆ ಮಠ ಹೇಳಬೇಕಾಯಿತು.

ಎದುರು ಪಕ್ಷದವರು ನಗಬೇಕಾದ್ದಿಲ್ಲ. 2015ರಲ್ಲಿ ಟಿಪ್ಪು ಜಯಂತಿ ಶುರುಮಾಡಿದವರು ಶೃಂಗೇರಿ ಮಠಕ್ಕೆ ಅವನು ಬರೆದ ಪತ್ರಗಳನ್ನು ಗಟ್ಟಿಯಾಗಿ ಓದುತ್ತಿದ್ದರು, ಕೊಡಗಿನ ಮೇಲಿನ ಅವನ ದಾಳಿಯ ಕಡತ ಬಿಚ್ಚಿದೊಡನೆ ಅವರ ಕನ್ನಡಕ ಕಾಣೆಯಾಗುತ್ತಿತ್ತು. 2019ರಲ್ಲಿ ಜಯಂತಿ ರದ್ದು ಮಾಡಿದವರಿಗೆ ಕೊಡಗಿನ ಕಡತ ಬಾಯಿಪಾಠ, ಶೃಂಗೇರಿ ಎಂದರೆ ಕಿವಿ ಮಂದ.

ಮೇ 13ರಂದು ಮತ ಎಣಿಕೆಯಾಯಿತು. ಜಿಲ್ಲೆಯ ಏಳರಲ್ಲಿ ಕಾಂಗ್ರೆಸ್ಸಿಗೆ ಐದು, ಜೆಡಿಎಸ್‌ಗೆ ಒಂದು, ಸರ್ವೋದಯ ಕರ್ನಾಟಕಕ್ಕೆ ಒಂದು, ಬಿಜೆಪಿಗೆ ಸೊನ್ನೆ. ಇದೇ ಗೌಡರ ಕೇಸಿನ ತೀರ್ಪು ಎಂದು ಬೀಗಿದವರುಂಟು. ಅದಕ್ಕೂ ಸಾಕ್ಷಿಯಿಲ್ಲ. ಜನ ಕಬ್ಬಿನ ಬೆಲೆ ನೋಡಿ ಒತ್ತಿದರೋ, ಜಾತಿ ನೋಡಿ ಒತ್ತಿದರೋ, ಯಂತ್ರ ಕಾರಣ ಬರೆದುಕೊಳ್ಳುವುದಿಲ್ಲ.

ಅರಳಿಕಟ್ಟೆಯ ದೊಡ್ಡಪ್ಪನಿಗೆ ಇದೆಲ್ಲ ಒಪ್ಪಿಸಿದರೆ ಕೇಳುವುದು ಒಂದೇ: ‘ಅಲ್ಲ ಕಣ್ಲಾ, ಆ ಕಮಾನಿನ ಮೇಲಿಂದ ಇಳಿಸಿದ ಹೆಸರು ಎಲ್ಲೋಯ್ತು? ಕೇಸಿಗೆ ಇದ್ದ ಮುದ್ದೆಮಾಲು ಅದೊಂದೇ. ಯಾರಾದ್ರೂ ಆಲೆಮನೆಯೋರು ತಕ್ಕೊಂಡೋಗಿ ಬೆಲ್ಲಕ್ಕೆ ಹೊದಿಸವ್ರೇನೋ, ಮೊದ್ಲು ಹೋಗಿ ಮಹಜರು ಮಾಡುಸ್ರಿ.’