ಗಾಳಕ್ಕ ಗರಿ ಕಟ್ಟೂ ಹುಕಿ

ಖರೆ ಹೇಳ್ರಿ, ನಿಮ್ಮ ಮೊಬೈಲಿನ ಕಾರ್ಟಿನ್ಯಾಗ ಈಗ ಏನೇನ ಐತಿ? ಮುಚ್ಚಿಡಬ್ಯಾಡ್ರಿ, ನಾ ಯಾರಿಗೂ ಹೇಳಂಗಿಲ್ಲ. ಗರಗರ ತಿರುಗೂ ವೈಸ್ ಒಂದು, ಸ್ಟೀಲಿನ ಬಾಬಿನ್ ಹೋಲ್ಡರ್ ಮೂರು, ಹನ್ನೆರಡ ಬಣ್ಣದ ಚೆನಿಲ್ ದಾರ, ಟರ್ಕಿ ಕೋಳಿ ಪುಕ್ಕ, ಇವನ್ನೆಲ್ಲಾ ಇಡಾಕ ಖಾನಿ ಖಾನಿ ಪೆಟ್ಟಿಗಿ. (ಪೆಟ್ಟಿಗಿನ ಮೊದಲ ಸೇರಿಸಿದ್ರಿ, ಹೌದಲ್ರೀ?) ಮೀನಾ? ಮೀನ ಇನ್ನೂ ಹೊಳ್ಯಾಗ ಆರಾಮ ಅದಾವ.

ಇದೇನ ನಿಮಗ ಹೊಸಾ ಚಾಳಿ ಅಲ್ಲ. ನಿಮ್ಮ ಅಟ್ಟದ ಮ್ಯಾಲಿನ ಹಾರ್ಮೋನಿಯಂ ಸುದ್ದಿ ನಮಗ ಗೊತ್ತಿಲ್ಲೇನ? ಟ್ರೆಡ್‌ಮಿಲ್ ಮ್ಯಾಲ ಧೋತರ ಒಣಗಾಕತ್ತಾವ. ಈಗ ಯಾರೋ ಅಮೆರಿಕಾದಾಂವ ಗಾಳಕ್ಕ ಪುಕ್ಕ ಕಟ್ಟೂದನ್ನ ಅರ್ಧ ರಾತ್ರಿ ತನಕಾ ಯೂಟ್ಯೂಬಿನ್ಯಾಗ ನೋಡಿ, ಮುಂಜಾನಿ ಚಾ ಕುಡಿಯೂಮುಂದ 'ನಾನೂ ಜಿಗ್ ಕಟ್ಟಾಂವ' ಅಂದ್ರಿ. ಅದೂ ಕೆರೂರಿನ್ಯಾಗ ಕುಂತು! ಮನಿ ಮಂದಿ ಒಬ್ಬರ ಮಾರಿ ಒಬ್ರು ನೋಡಿದ್ರು. ಕೂಸು ಹುಟ್ಟೂ ಮೊದಲ ಕುಲಾವಿ ಹೊಲಸೂದ್ರಾಗ ನಿಮ್ಮನ್ನ ಮೀರಸಾವ್ರು ಈ ತಾಲೂಕಿನ್ಯಾಗ ಯಾರದಾರ?

ಅದಿರಲಿ. ಜಿಗ್ ಅಂದ್ರ ಏನಂತ ನಿಮ್ಮ ಪಕ್ಕದ ಮನಿ ಕಾಕಾ ಕೇಳಿದ್ರ ಹೇಳಾಕ ಬರ್ತೈತೇನ? ಬರಂಗಿಲ್ಲ. ಕೇಳ್ರಿ. ಗಾಳದ ಕಣ್ಣಿನ ಹತ್ರ ಒಂದ ಕಾಳಿನಷ್ಟ ಸೀಸ ಎರಕಾ ಹೊಯ್ದಿರ್ತಾರ, ಅದು ತಲಿ. ಕಣ್ಣ ಮ್ಯಾಗ ಎದ್ದ ನಿಂತಿರ್ತೈತಿ, ಹಿಂಗಾಗಿ ಮೊನಿನೂ ಮ್ಯಾಗ ಇರ್ತೈತಿ, ಕಸದಾಗ ಸಿಗೂದ ಕಡಿಮಿ. ಹಿಂದ ಕೂದ್ಲಾನೋ ಪುಕ್ಕಾನೋ ಕಟ್ಟಿದ್ರ ಆತು. ದಾರ ಜಗ್ಗಿದ್ರ ಟಣ್ ಅಂತ ಏಳ್ತೈತಿ, ಬಿಟ್ರ ತಲಿಕೆಳಗಾಗಿ ಇಳೀತೈತಿ. ಸಣ್ಣ ಮೀನ ಗಾಯಾ ಆಗಿ ಒದ್ದಾಡಾಕತ್ತೈತಿ ಅಂತ ದೊಡ್ಡ ಮೀನಿಗಿ ಅನಸ್ತೈತಿ.

ಇಲ್ಲೇ ಒಂದ ಮಾತ ಹೇಳಿ ಬಿಡ್ತೀನಿ, ಆಮ್ಯಾಲ ನನ್ನ ಬೈಬ್ಯಾಡ್ರಿ. ಜಿಗ್ಗಿಗಿ ಬರಾವು ಮೀನ ತಿನ್ನೂ ಮೀನ. ಹಾವಿನ ತಲಿ ಮುರ್ರೆಲ್, ಬಾಳಿ ಮೀನ, ಅಂಥಾವು. ನೀವು ಕನಸಿನ್ಯಾಗ ಎತ್ತಿ ಫೋಟೋ ತಗಸ್ಕೊಂಡ ಹತ್ತ ಕೆಜಿ ಕಟ್ಲಾ ಐತಲ್ಲ (ಮೀಸಿ ತಿರುವಿದ್ರಿ, ನೋಡೀನಿ), ಅದಕ್ಕ ನಿಮ್ಮ ಪುಕ್ಕದ ಶೃಂಗಾರ ಬೇಕಾಗಿಲ್ಲ. ಅದು ನೀರಾಗಿನ ಸಣ್ಣ ಸಣ್ಣ ಜೀವಿ ಸೋಸಿ ತಿನ್ನೂ ಸಾತ್ವಿಕ ಪ್ರಾಣಿ. ಅದಕ್ಕ ಹಿಟ್ಟಿನ ಉಂಡಿನ ಬರೋಬ್ಬರಿ.

ಯಾರರ ನಕ್ಕರ ಮಾತ್ರ ಹೆದರಬ್ಯಾಡ್ರಿ. 'ಇದು ರಾಜರ ವಿನೋದ' ಅಂತ ಹೇಳ್ರಿ. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ, 1126ರಿಂದ ಪಟ್ಟದ ಮ್ಯಾಲ ಇದ್ದಾಂವ, 'ಮಾನಸೋಲ್ಲಾಸ' ಅಂತ ಸಂಸ್ಕೃತದಾಗ ಬರದಾನ. (ನಮ್ಮ ಬಾದಾಮಿ ಚಾಲುಕ್ಯರಲ್ರಿ, ಅವ್ರ ಬ್ಯಾರೆ. ಆದ್ರ ಕಾಕಾಗ ಅದನ್ನೇನ ಬಿಡಿಸಿ ಹೇಳೂದ ಬ್ಯಾಡ.) ಅದರಾಗ ಮತ್ಸ್ಯವಿನೋದ ಅಂತ ಒಂದ ಭಾಗನ ಐತಿ. ಯಾವ ಮೀನಿಗಿ ಯಾವ ತಿನಿಸು, ಗಾಳ ಹೆಂಗ, ದಾರ ಹೆಂಗ, ಎಲ್ಲಾ ವಿಚಾರ ಮಾಡ್ಯಾನ. ಅಂವಗ ಕಾರ್ಟು ಇರಲಿಲ್ಲ, ಅಷ್ಟ ಫರಕು.

ಈಗ ಸಾಮಾನಿಗಿ ಬರೂಣು. ರೊಕ್ಕಾ ಹಾಕೂದಿದ್ರ ಎರಡಕ್ಕ ಹಾಕ್ರಿ: ವೈಸು, ಕತ್ರಿ. ವೈಸ್ ಗರಗರ ತಿರುಗೂದೇನ ಬೇಕಿಲ್ಲ, ಅದರ ಹಲ್ಲ ಗಾಳಾನ ಗಟ್ಟಿ ಹಿಡೀಬೇಕು. ಬೊಟ್ಟಿನ್ಯಾಗ ಒತ್ತಿ ನೋಡ್ರಿ: ಗಾಳ ಬಾಗಬೇಕ ಹೊರತು ಜಾರಬಾರ್ದು. ಕತ್ರಿ ಸಣ್ಣದು, ತುದಿ ಚೂಪ ಇದ್ದದ್ದು. ಅದನ್ನ ಮಾತ್ರ ಮನ್ಯಾಗ ಬಚ್ಚಿಡ್ರಿ. ಇಲ್ಲಂದ್ರ ನಾಳೆ ಹಾಲಿನ ಪಾಕೀಟ ಕತ್ತರಸಾಕ ಹೋಗಿರ್ತೈತಿ.

ಬಾಕಿದಕ್ಕ ವಿದೇಶದ ಹೆಸರ ಕೇಳಿ ಗಾಬರಿ ಆಗಬ್ಯಾಡ್ರಿ. ಬಾಡ್ಕಿನ್ ಅಂತ ಅವ್ರು ಮಾರೂದು ಹಿಡಿಕಿ ಹಾಕಿದ ಸೂಜಿ. ನಿಮ್ಮ ಮನ್ಯಾಗ ಚೀಲಾ ಹೊಲಿಯೂ ದಬ್ಬಣ ಐತಿಲ್ಲ? ಹೆಡ್ ಸಿಮೆಂಟ್ ಅಂದ್ರ ಗಂಟು ಬಿಚ್ಚಲಾರದಂಗ ಮ್ಯಾಲ ಹಚ್ಚೂ ವಾರ್ನಿಶು. ಬಣ್ಣಿಲ್ಲದ ನೇಲ್ ಪಾಲಿಶ್ ಸಾಕು. (ಲೇಡೀಸ್ ಸ್ಟೋರಿಗಿ ನೀವ ಹೋಗ್ರಿ. 'ಮನ್ಯಾಗ ಹೇಳಿ ಕಳಿಸ್ಯಾರ' ಅಂತ ಸುಳ್ಳ ಹೇಳೂದು ನಿಮಗೇನ ಕಲಸಬೇಕ?)

ದಾರದ ವಿಷಯದಾಗಂತೂ ನಿಮ್ಮ ಮ್ಯಾಲ ನನಗ ಸಿಟ್ಟ ಐತಿ. ಮಗ್ಗಲಾಗ ಗುಳೇದಗುಡ್ಡದ ಖಣ, ಅದರಾಚೆ ಇಳಕಲ್ಲ ಸೀರಿ, ಇಂಥಲ್ಲಿ ಕುಂತು ನೀವು ಅಮೆರಿಕಾದಿಂದ ದಾರ ತರಸ್ತೀರಿ! ಅವರ ರೀಲಿನ ಮ್ಯಾಲ 70, 140, 210 ಅಂತ ಡೆನಿಯರ್ ಲೆಕ್ಕ ಬರದಿರ್ತಾರ. ನಮ್ಮ ನೇಕಾರ ಓಣ್ಯಾಗ ರೇಷ್ಮಿ ಅಳಿಯೂದೂ ಅದ ಡೆನಿಯರಿನ್ಯಾಗ: 9,000 ಮೀಟರ್ ದಾರ ಎಷ್ಟ ಗ್ರಾಂ ತೂಗ್ತೈತಿ ಅಷ್ಟ ಡೆನಿಯರ್. ಮಗ್ಗದ ಮ್ಯಾಲ ಕುಂತ ಯಾವ ಅಜ್ಜನ್ನ ಕೇಳಿದ್ರೂ ಬೊಟ್ಟಿನ್ಯಾಗ ತಿಕ್ಕಿ ನೋಡಿ ಹೇಳ್ತಾನ.

ರೇಷ್ಮಿ ಜಾರ್ತೈತಿ ಅಂತೀರಿ. ಜಾರ್ತೈತಿ, ಅದಕ್ಕ ತುಸು ಜೇನುಮೇಣ ತಿಕ್ರಿ. ಮೊದಲ ಮೊದಲ ಪಾಲಿಸ್ಟರ್ ದಾರನ ಚೊಲೋ, ನಿಮ್ಮ ಕೈ ಜಗ್ಗಿದ್ರ ಹರಿಯಂಗಿಲ್ಲ. (ನಿಮ್ಮ ಕೈ ಎಷ್ಟ ಹಗೂರ ಅಂತ ಮನ್ಯಾಗಿನ ಕಪ್ಪುಬಶಿ ಹೇಳ್ತಾವ.) ಬಾಬಿನ್ ಹೋಲ್ಡರಿನ ಕೆಲಸ ಇಷ್ಟ: ಕೈ ಬಿಟ್ಟಾಗ ದಾರ ಸಡಲಾಗಲಾರದಂಗ ಭಾರಕ್ಕ ಜೋತಬಿದ್ದಿರೂದು. ಒಂದ ತಗೊಳ್ರಿ. ಮೂರ ಯಾಕ?

ಇನ್ನ ಕೂದ್ಲಾ. ಆ ಅಮೆರಿಕಾದಾಂವ 'ಬಕ್‌ಟೇಲ್' ಅಂದ್ನಲ್ಲ, ಅದು ಜಿಂಕಿ ಬಾಲ. ಕೇಳಿದ ಕೂಡ್ಲೆ ನಿಮ್ಮ ಕಣ್ಣ ಎತ್ಲಾಕಡೆ ಹೊಳ್ಳಿದ್ವು ಅಂತ ನನಗ ಗೊತ್ತಾತು. ಯಡಹಳ್ಳಿ ಚಿಂಕಾರಾ ನಮ್ಮ ಜಿಲ್ಲಾದಾಗ ಐತಿ ಖರೆ, ಆದ್ರ 1972ರ ವನ್ಯಜೀವಿ ಕಾಯ್ದೆನೂ ಐತಿ. ಜಿಂಕಿ ಬಾಲದ ಆಶಾಕ್ಕ ಜೇಲಿಗಿ ಹ್ವಾದಾಂವ ಅನ್ನಿಸ್ಕೋಬ್ಯಾಡ್ರಿ.

ಕೆರೂರಿನಾವ್ರಿಗಿ ಕೂದ್ಲದ ಬರ ಏನ್ರೀ? ಸಂತ್ಯಾಗ ಒಂದ ಸುತ್ತ ಹೊಡದ್ರ ಕರೀದು, ಬಿಳೀದು, ಕಂದು, ಬೇಕಾದ ಬಣ್ಣದ ಆಡು ನಿಂತಿರ್ತಾವ. ಬಾಲದ ಕೂದ್ಲ ಉದ್ದ, ನೆಟ್ಟಗ, ನೀರಾಗ ಬಿಡಿಬಿಡಿಯಾಗಿ ಆಡ್ತೈತಿ. ಕುರಿ ಉಣ್ಣಿ ಬ್ಯಾಡ, ನೀರ ಕುಡದ ಮುದ್ದಿ ಆಗ್ತೈತಿ. ಕಟುಕರ ಅಂಗಡ್ಯಾಗ ಕೇಳಿದ್ರ ಪುಕ್ಕಟೆ ಕೊಡ್ತಾರ. 'ಯಾಕ ಬೇಕ್ರೀ?' ಅಂತ ಕೇಳೇ ಕೇಳ್ತಾರ, ಉತ್ತರಾ ತಯಾರ ಮಾಡ್ಕೊಂಡ ಹೋಗ್ರಿ.

ಪುಕ್ಕಕ್ಕ ಜವಾರಿ ಹುಂಜ. ಕುತ್ತಗಿ ಸುತ್ತ ಉದ್ದಾನ, ಮಿಂಚೂ ಗರಿ ಇರ್ತಾವಲ್ಲ, ಅವನ್ನ ಗಾಳದ ಕೊಳ್ಳಿಗಿ ಸುತ್ತಿದ್ರ ಒಂದೊಂದ ಎಳಿನೂ ನಿಮಿರಿ ನಿಂದರ್ತೈತಿ. ಮಜಾ ಕೇಳ್ರಿ: ಇದ ಹುಂಜದ ಕೊಳ್ಳ ಚರ್ಮಾನ 'ಇಂಡಿಯನ್ ನೆಕ್' ಅಂತ ಹೆಸರಿಟ್ಟು ಹೊರದೇಶದ ಅಂಗಡ್ಯಾಗ ಮಾರ್ತಾರ. ನಿಮ್ಮ ಹಿತ್ತಲದಾಗ ಕೂಗೂ ಹುಂಜದ ಬಳಗದ್ದನ್ನ ನೀವು ಡಾಲರ್ ಕೊಟ್ಟು ತರಸೂದು! ಪುಕ್ಕದ ಬುಡದಾಗಿನ ಮೆತ್ತನ್ನ ತುಪ್ಪಳಾನೂ ಒಗೀಬ್ಯಾಡ್ರಿ, ಸಣ್ಣ ಜಿಗ್ಗಿಗಿ ಅದ ಬಾಲ. ಸಾಬೂನ ನೀರಾಗ ತೊಳದು, ನೆರಳಾಗ ಒಣಗಿಸಿ, ಡಾಂಬರ ಗುಳಿಗಿ ಹಾಕಿ ಡಬ್ಬ್ಯಾಗ ಇಡ್ರಿ. ಇಲ್ಲಂದ್ರ ನುಸಿ ಹತ್ತಿ ಮನಿ ತುಂಬ ವಾಸನಿ. ಆಮ್ಯಾಲ ಪುಕ್ಕದ ಸಂಗಾಟ ನೀವೂ ಹೊರಗ.

ಮಿಂಚಿಗಿ ಜರಿ ಎಳಿ ಎರಡ ಸಾಕು. ಖಣದ ತುಣುಕ ಟೇಲರ್ ಹತ್ರ ಬಿದ್ದಿರ್ತಾವ, ಅಲ್ಲಿಂದ ತರ್ರಿ. ಕಪಾಟಿನ್ಯಾಗಿನ ಸೀರಿ ಕಡೆ ನೋಡಬ್ಯಾಡ್ರಿ. ನೋಡೂದಂದ್ರ ನೋಡಬ್ಯಾಡ್ರಿ.

ಸೀಸ ಕರಗಿಸಿ ತಲಿ ನಾನ ಎರಕಾ ಹೊಯ್ತೀನಿ ಅಂತೀರೇನ? ಅಂತೀರಿ, ನಿಮ್ಮ ಗುಣಾನ ಅದು. ಸೀಸ 327 ಡಿಗ್ರಿ ಸೆಲ್ಸಿಯಸ್ಸಿಗಿ ಕರಗ್ತೈತಿ, ಅಡಗಿ ಮನಿ ಗ್ಯಾಸಿಗಿ ಅದೇನ ದೊಡ್ಡದಲ್ಲ, ತ್ರಾಸ ಇರೂದ ಅಲ್ಲೇ. ಸೀಸ ವಿಷ. ಒಗ್ಗರಣಿ ಬುಟ್ಟ್ಯಾಗ ಅದನ್ನ ಕರಗಿಸಿದ್ರ ಮರುದಿನದ ಸಾರಿನ್ಯಾಗ ಬರ್ತೈತಿ. ಕರಗಿದ ಸೀಸಕ್ಕ ಒಂದ ಹನಿ ನೀರ ಬಿದ್ರೂ ಸಿಡದು ಮಾರಿ ಸುಡ್ತೈತಿ. ತಯಾರ ತಲಿನ ತಗೊಳ್ರಿ, 3.5 ಗ್ರಾಂ ಒಂದಿಷ್ಟು, 7 ಗ್ರಾಂ ಒಂದಿಷ್ಟು. ಕಟ್ಟಿದ ಮ್ಯಾಲ ಕೈ ತೊಳಕೊಂಡ ರೊಟ್ಟಿ ಮುಟ್ರಿ.

ಕಟ್ಟಾಕ ಕುಂತ್ರಿ ಅಂದ್ಕೋರಿ. ಗಾಳದ ಕಾಲಿಗಿ ಒತ್ತೊತ್ತಿ ದಾರ ಸುತ್ತಿದ್ರಿ, ಬರಿ ಕಬ್ಬಣದ ಮ್ಯಾಲ ಕೂದ್ಲ ನಿಂದ್ರಂಗಿಲ್ಲ. ಕೂದ್ಲ ಇಟ್ರಿ, ಮೂರ ಸುತ್ತ ಬಿಗದ್ರಿ. ಇಲ್ಲಿ ನಿಮ್ಮ ಬುದ್ಧಿ ಹೊರಗ ಬೀಳ್ತೈತಿ: 'ಇನ್ನಟ ಇರಲಿ' ಅಂತೀರಿ. ಮತ್ತಟ ಕೂದ್ಲ, ಮತ್ತೊಂದ ಗರಿ, ಜರಿ ನಾಕ ಎಳಿ. ಕಡೀಕ ನೋಡಿದ್ರ ಗಂಟು ಉಬ್ಬಿ ಗಾಳದ ಕಣ್ಣ ಮುಚ್ಚೇ ಹೋಗೈತಿ, ದಾರ ಪೋಣಸಾಕ ತೂತಿಲ್ಲ! ಬೆಂಕಿಕಡ್ಡಿ ಎರಡ ಕೂಡಿಸಿದ್ರ ಎಷ್ಟ ದಪ್ಪ, ಅಷ್ಟ ಕೂದ್ಲ ಸಾಕು. ನೀರಾಗ ಮೀನಿಗಿ ಕಾಣೂದು ಅದರ ಆಟ, ನಿಮ್ಮ ಶ್ರೀಮಂತಿಕಿ ಅಲ್ಲ.

ಇಷ್ಟೆಲ್ಲಾ ತ್ರಾಸ ಯಾಕ, ಹತ್ತ ಜಿಗ್ ತಯಾರದ್ದನ ತಗೊಂಡ್ರ ಆಗಂಗಿಲ್ಲೇನ? ಆಲಮಟ್ಟಿ ಹಿನ್ನೀರಿಗಿ ಒಮ್ಮೆ ಒಗದ ನೋಡ್ರಿ. ಮುಳುಗಡಿ ಆದ ಓಣಿಗಳ ಗ್ವಾಡಿ, ಜಾಲಿ ಬೊಡ್ಡಿ, ಎಲ್ಲಾ ಕೆಳಗ ಅದಾವ. ಮೊನಿ ಮ್ಯಾಗಿದ್ರೂ ಒಂದೊಂದ ಸಿಕ್ಕೇ ಸಿಗ್ತೈತಿ. ರೊಕ್ಕಾ ಕೊಟ್ಟ ತಂದದ್ದು ಹ್ವಾದ್ರ ಎದಿ ಧಸಕ್ ಅಂತೈತಿ. ಆಡಿನ ಬಾಲ, ಹುಂಜದ ಗರಿ ಹ್ವಾದ್ರ ಹೋಗಲಿ.

ನೀರಿಗಿ ಇಳಿಯೂ ಮೊದಲ ಕೇಳ್ರಿ: ಕೆರಿ ಆದ್ರ ಗುತ್ತಿಗಿ ಹಿಡದಾವ್ರು ಇರ್ತಾರ, ಜಲಾಶಯ ಆದ್ರ ಮೀನುಗಾರಿಕೆ ಇಲಾಖೆ. ಬನಶಂಕರಿ ಹೊಂಡ, ಬಾದಾಮಿಯ ಅಗಸ್ತ್ಯ ತೀರ್ಥ, ಇವುಗಳ ಹೆಸರೂ ಎತ್ತಬ್ಯಾಡ್ರಿ. ಕೃಷ್ಣಾ, ಘಟಪ್ರಭಾ ದಂಡಿಗಿ ಹ್ವಾದ್ರ ಮೊಣಕಾಲ ನೀರಾಗ ನಿಂತು ಫೋಟೋ ತಗಸೂ ಆಶಾನೂ ಬಿಡ್ರಿ. ಅಲ್ಲಿ ಮೊಸಳಿ ಅದಾವ, ಅವಕ್ಕ ಜಿಗ್ಗೂ ಬೇಕಾಗಿಲ್ಲ, ಪುಕ್ಕಾನೂ ಬೇಕಾಗಿಲ್ಲ.

ಏನ್ರೀ, ಮತ್ತ ಮೊಬೈಲ್ ತಗದ್ರಿ? ಏನ ಸೇರಸಾಕತ್ತೀರಿ? ...ಕೂದ್ಲ ಬಾಚೂ ಹಣಿಗಿ? ಜಿಗ್ಗಿಗಿ?